ಬುತ್ತಿ ಕಟ್ಟಿಕೊಂಡು ಗುಳೆ ಹೊರಟ ಹುಳು

1991ರ ಏಪ್ರಿಲ್‌ನಲ್ಲಿ ಅಮೆರಿಕದ ‘ಆಲ್ವಿನ್’ ಎಂಬ ಪುಟ್ಟ ಜಲಾಂತರ್ಗಾಮಿ ಮಧ್ಯ ಅಮೆರಿಕದ ಪಶ್ಚಿಮಕ್ಕೆ, ಪೆಸಿಫಿಕ್ ಸಾಗರದ ತಳಕ್ಕೆ ಇಳಿಯಿತು. ಎರಡೂವರೆ ಕಿಲೋಮೀಟರ್ ಆಳ. ಅಲ್ಲಿ ಆಗಷ್ಟೇ ನೆಲ ಬಿರಿದು ಲಾವಾ ಉಕ್ಕಿತ್ತು. ಹೊಸ ಕಲ್ಲು ಗಾಜಿನಂತೆ ಹೊಳೆಯುತ್ತಿತ್ತು. ಅದರ ಅಂಚಿನಲ್ಲಿ ದೈತ್ಯ ಕೊಳವೆಹುಳುಗಳು ಸುಟ್ಟು, ಸೀದು, ಚಿಂದಿಯಾಗಿ ಬಿದ್ದಿದ್ದವು. ವಿಜ್ಞಾನಿಗಳು ಆ ಜಾಗಕ್ಕೆ ‘ಕೊಳವೆಹುಳುಗಳ ಬಾರ್ಬೆಕ್ಯೂ’ ಎಂದು ಹೆಸರಿಟ್ಟರು. ಸ್ವಲ್ಪ ಕಟುವಾದ ವಿನೋದವೇ ಸರಿ.

ಮರುವರ್ಷದ ಮಾರ್ಚ್‌ನಲ್ಲಿ ಹೋಗಿ ನೋಡಿದರೆ ಅಲ್ಲಿ ಟೆವ್ನಿಯಾ ಎಂಬ ಸಣ್ಣ ಜಾತಿಯ ಕೊಳವೆಹುಳುಗಳು ಬೀಡುಬಿಟ್ಟಿದ್ದವು. 1993ರ ಡಿಸೆಂಬರ್ ಹೊತ್ತಿಗೆ ದೈತ್ಯ ಜಾತಿಯಾದ ರಿಫ್ಟಿಯಾ ಒಂದೂವರೆ ಮೀಟರ್ ಉದ್ದದ ಕೊಳವೆ ಕಟ್ಟಿಕೊಂಡು ಪೊದೆಪೊದೆಯಾಗಿ ನಿಂತಿತ್ತು. ವರ್ಷಕ್ಕೆ 85 ಸೆಂಟಿಮೀಟರಿಗೂ ಮಿಕ್ಕ ಬೆಳವಣಿಗೆ. ಕಡಲಿನ ಬೆನ್ನೆಲುಬಿಲ್ಲದ ಪ್ರಾಣಿಗಳಲ್ಲಿ ಇಷ್ಟು ವೇಗವಾಗಿ ಬೆಳೆದದ್ದನ್ನು ಅದುವರೆಗೆ ಯಾರೂ ದಾಖಲಿಸಿರಲಿಲ್ಲ. 1994ರಲ್ಲಿ ರಿಚರ್ಡ್ ಲುಟ್ಜ್ ಮತ್ತು ಜೊತೆಗಾರರು ಇದನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಎಲ್ಲರ ಕಣ್ಣೂ ಆ ವೇಗದ ಮೇಲೆಯೇ ಬಿತ್ತು.

ನನ್ನನ್ನು ಕಾಡಿದ್ದು ಅದಕ್ಕಿಂತ ಹಿಂದಿನ ಪ್ರಶ್ನೆ. ಬೆಳೆಯುವುದಿರಲಿ, ಇವು ಬಂದದ್ದಾದರೂ ಎಲ್ಲಿಂದ? ದೊಡ್ಡ ಹುಳು ತನ್ನ ಕೊಳವೆ ಬಿಟ್ಟು ಒಂದು ಅಂಗುಲವೂ ಆಚೆ ಹೋಗಲಾರದು. ಇವು ಬಾಳುವುದು ಕಡಲತಳದ ಬಿಸಿನೀರ ಬುಗ್ಗೆಗಳ ಸುತ್ತ; ಪಕ್ಕದ ಬಿಸಿಬುಗ್ಗೆ ಒಮ್ಮೊಮ್ಮೆ ಹತ್ತಾರು ಕಿಲೋಮೀಟರ್ ದೂರ, ಒಮ್ಮೊಮ್ಮೆ ನೂರಾರು. ನಡುವೆ ಇರುವುದು ಕಗ್ಗತ್ತಲು ಮತ್ತು ಎರಡು ಡಿಗ್ರಿಯ ಕೊರೆಯುವ ನೀರು. ಕಡಲಾಳದ ಬಿಸಿಬುಗ್ಗೆಗಳ ಸುದ್ದಿ ಬಂದಾಗಲೆಲ್ಲ ನಾವು ಬಾಯಿ ಬಿಡುವುದು ಅಲ್ಲಿನ ಶಾಖದ ಅಂಕಿಗೆ. ನನ್ನ ಮಟ್ಟಿಗೆ ಆ ಹುಳುಗಳಿಗೆ ಶಾಖ ಸಣ್ಣ ತೊಂದರೆ. ಮಕ್ಕಳನ್ನು ಊರು ಸೇರಿಸುವುದೇ ದೊಡ್ಡ ತೊಂದರೆ. ಕಳೆದ ನಾಲ್ಕೂವರೆ ದಶಕದಲ್ಲಿ ಈ ಒಂದು ವಿಷಯದಲ್ಲಿ ವಿಜ್ಞಾನಿಗಳು ತಮ್ಮ ಮೊದಲ ಊಹೆಗಳನ್ನು ಒಂದೊಂದಾಗಿ ಹಿಂತೆಗೆದುಕೊಂಡಿದ್ದಾರೆ. ಆ ಹಿಂತೆಗೆತಗಳ ಕಥೆಯೇ ಈ ಲೇಖನ.

*

ಹಿನ್ನೆಲೆ ಚುಟುಕಾಗಿ. 1977ರ ಫೆಬ್ರವರಿಯಲ್ಲಿ ಗ್ಯಾಲಪಗೋಸ್ ದ್ವೀಪಗಳ ಸಮೀಪದ ಕಡಲತಳದ ಬಿರುಕಿಗೆ ಆಲ್ವಿನ್ ಇಳಿದಾಗ ಆ ತಂಡದಲ್ಲಿ ಇದ್ದವರು ಭೂವಿಜ್ಞಾನಿಗಳು. ಜೀವವಿಜ್ಞಾನಿ ಒಬ್ಬರೂ ಇರಲಿಲ್ಲ. ಬಿಸಿನೀರು ಒಸರುವ ಜಾಗ ಹುಡುಕಲು ಹೋದವರಿಗೆ ಆಳೆತ್ತರದ ಬಿಳಿ ಕೊಳವೆಗಳು, ಅವುಗಳ ತುದಿಯಲ್ಲಿ ರಕ್ತಗೆಂಪು ಗರಿಗಳು, ತಟ್ಟೆಯಗಲದ ಚಿಪ್ಪುಗಳು ಸಿಕ್ಕವು. ಮಾದರಿಗಳನ್ನು ಕೆಡದಂತೆ ಇಡಲು ಹಡಗಿನಲ್ಲಿ ಸಾಕಷ್ಟು ಫಾರ್ಮಲಿನ್ ಇಲ್ಲದೆ, ಕೆಲವನ್ನು ವೋಡ್ಕಾದಲ್ಲಿ ಅದ್ದಿಟ್ಟರು. ಎರಡು ವರ್ಷ ಕಳೆದು, 1979ರಲ್ಲಿ, ಮೆಕ್ಸಿಕೋ ತೀರದಾಚೆ 350 ಡಿಗ್ರಿಗೂ ಮೀರಿದ ಕಪ್ಪು ನೀರನ್ನು ಕಾರುವ ಚಿಮಣಿಗಳು ಕಂಡವು.

ರಿಫ್ಟಿಯಾಕ್ಕೆ ಬಾಯಿಲ್ಲ, ಕರುಳಿಲ್ಲ, ಗುದದ್ವಾರವೂ ಇಲ್ಲ. ಉಣ್ಣುವುದು ಹೇಗೆ? ಸ್ಮಿತ್‌ಸೋನಿಯನ್ ಸಂಸ್ಥೆಯ ಮೆರೆಡಿತ್ ಜೋನ್ಸ್ ಹಾರ್ವರ್ಡ್‌ನಲ್ಲಿ ಉಪನ್ಯಾಸ ಕೊಡುತ್ತ, ಹುಳುವಿನ ಹೊಟ್ಟೆಯೊಳಗಿನ ಮೆತ್ತನೆಯ ಅಂಗಾಂಶದಲ್ಲಿ ಗಂಧಕದ ಹರಳುಗಳಿವೆ ಎಂದು ಮಾತಿನ ನಡುವೆ ಹೇಳಿದರಂತೆ. ಕೇಳುತ್ತ ಕುಳಿತಿದ್ದ ಕಾಲೀನ್ ಕ್ಯಾವನಾ ಎಂಬ ವಿದ್ಯಾರ್ಥಿನಿ ಎದ್ದು ನಿಂತು, ಹಾಗಿದ್ದರೆ ಅಲ್ಲಿ ಗಂಧಕ ಉರಿಸುವ ಬ್ಯಾಕ್ಟೀರಿಯಾಗಳೇ ಇರಬೇಕು ಎಂದಳು. 1981ರಲ್ಲಿ ಅದು ರುಜುವಾತಾಯಿತು. ಆ ಅಂಗಾಂಶದ ಒಂದೊಂದು ಗ್ರಾಮಿನಲ್ಲೂ ನೂರಾರು ಕೋಟಿ ಬ್ಯಾಕ್ಟೀರಿಯಾ. ಹುಳು ಗರಿಯ ಮೂಲಕ ಹೈಡ್ರೋಜನ್ ಸಲ್ಫೈಡ್, ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಹೀರಿ ಒಳಗಿನ ಬಾಡಿಗೆದಾರರಿಗೆ ಒದಗಿಸುತ್ತದೆ, ಅವು ಅಡುಗೆ ಮಾಡಿ ಬಡಿಸುತ್ತವೆ. ಸೂರ್ಯನ ಹಂಗೇ ಇಲ್ಲದ ಬದುಕು ಎಂದು ಇದನ್ನು ಹೊಗಳುವ ರೂಢಿಯಿದೆ. ಪೂರ್ತಿ ನಿಜವಲ್ಲ: ಆ ಆಮ್ಲಜನಕ ಬಂದದ್ದು ಮೇಲಿನ ಬೆಳಕಿನಲ್ಲಿ ಬದುಕುವ ಹಸಿರಿನಿಂದಲೇ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಈ ಹುಳುವಿನ ಕುಲ ಯಾವುದು ಎಂಬುದೇ ಬಹುಕಾಲ ತೀರ್ಮಾನವಾಗಿರಲಿಲ್ಲ. ಇದರ ತೆಳ್ಳನೆಯ ದಾಯಾದಿಗಳನ್ನು ಡಚ್ಚರ ‘ಸಿಬೋಗಾ’ ಹಡಗು ಇಂಡೋನೇಷ್ಯಾದ ಸಮುದ್ರದಿಂದ ಎತ್ತಿ ತಂದಿತ್ತು. 1914ರಲ್ಲಿ ಅವುಗಳ ವಿವರಣೆ ಪ್ರಕಟವಾಯಿತು. ಆದರೆ ಎಳೆಯುವಾಗ ಹುಳು ತುಂಡಾಗಿ, ಹಿಂಭಾಗ ಕೆಸರಿನಲ್ಲೇ ಉಳಿದುಬಿಡುತ್ತಿತ್ತು. ಆ ಬಾಲ ಕೈಗೆ ಸಿಕ್ಕದ್ದು 1964ರಲ್ಲಿ. ಅದರಲ್ಲಿ ಉಂಗುರಗಳಿದ್ದವು, ನಮ್ಮ ಹೊಲದ ಎರೆಹುಳುವಿಗಿರುವಂತೆ. ಅಷ್ಟಾದರೂ ಜೋನ್ಸ್ 1985ರಲ್ಲಿ ಬಿಸಿಬುಗ್ಗೆಯ ಹುಳುಗಳಿಗೆ ಪ್ರತ್ಯೇಕ ವಂಶವನ್ನೇ ಘೋಷಿಸಿದರು. ಆಮೇಲೆ ಡಿಎನ್‌ಎ ಪರೀಕ್ಷೆಯೂ ಮರಿಯ ರೂಪವೂ ಒಂದೇ ಸಾಕ್ಷಿ ನುಡಿದವು. ಇದು ಎರೆಹುಳು, ಜಿಗಣೆಗಳ ಬಳಗದ್ದೇ. ಈಗ ಇದನ್ನು ಸಿಬೋಗ್ಲಿನಿಡೇ ಎಂಬ ಕುಟುಂಬದಲ್ಲಿ ಇಟ್ಟಿದ್ದಾರೆ. ಹಡಗಿನ ಹೆಸರು ಹುಳುವಿನ ಮನೆತನದ ಹೆಸರಾಯಿತು.

*

ಈಗ ಬಸಿರಿನ ವಿಷಯ. ಗಂಡು ಬೇರೆ, ಹೆಣ್ಣು ಬೇರೆ; ಎರಡೂ ಕೊಳವೆಯೊಳಗೆ ಬಂದಿ. ಇಂಥ ಪ್ರಾಣಿ ಕೂಡುವುದು ಹೇಗೆ? ಮೊದಲ ಊಹೆ ಸರಳವಾಗಿತ್ತು. ಬಂಡೆಗೆ ಅಂಟಿಕೊಂಡ ಎಷ್ಟೋ ಕಡಲಪ್ರಾಣಿಗಳಂತೆ ಇವೂ ವೀರ್ಯವನ್ನೂ ಅಂಡಾಣುವನ್ನೂ ನೀರಿಗೆ ಚೆಲ್ಲುತ್ತವೆ, ಮಿಕ್ಕದ್ದು ದೈವಚಿತ್ತ. 1994ರಲ್ಲಿ ಸಿಂಡಿ ವ್ಯಾನ್ ಡೋವರ್ ಪ್ರಕಟಿಸಿದ ವರದಿ ಈ ಊಹೆಗೆ ಪುಷ್ಟಿ ಕೊಟ್ಟಂತೆ ಕಂಡಿತು. ಆಲ್ವಿನ್ ನಡೆಸಿದ ಮೊದಲ ಮಹಿಳಾ ಚಾಲಕಿ ಆಕೆ. ಹುಳುಗಳು ತಮ್ಮ ಜಾಗದಲ್ಲೇ ಬೀಜ ಬಿಡುವುದನ್ನು ಕಣ್ಣಾರೆ ಕಂಡು ವರ್ಣಿಸಿದರು.

ಆದರೆ ಒಂದು ಎಳೆ ಈ ಊಹೆಗೆ ಹೊಂದುತ್ತಿರಲಿಲ್ಲ. ಗಂಡಿನ ವೀರ್ಯಾಣುಗಳು ಬಿಡಿಬಿಡಿಯಾಗಿ ಹರಡದೆ ಕಂತೆಕಂತೆಯಾಗಿ ಹೊರಬರುತ್ತಿದ್ದವು. ನೀರಿನಲ್ಲಿ ಚೆಲ್ಲಿಬಿಡುವ ಸರಕನ್ನು ಯಾರು ಕಂತೆ ಕಟ್ಟುತ್ತಾರೆ? ಈವ್ ಸೌತ್‌ವರ್ಡ್ ಮತ್ತು ಕೆ.ಎ. ಕೋಟ್ಸ್ 1989ರಲ್ಲೇ ಕೆನಡಾ ತೀರದಾಚೆಯ ರಿಜಿಯಾ ಎಂಬ ಕೊಳವೆಹುಳುವಿನಲ್ಲಿ ಈ ಕಂತೆಗಳು ಹೆಣ್ಣಿನ ಮೈಗೆ ದಾಟುವ ಕುರುಹನ್ನು ತೋರಿಸಿದ್ದರು. 2005ರಲ್ಲಿ ಅನಾ ಹಿಲಾರಿಯೋ, ಕ್ರೇಗ್ ಯಂಗ್, ಪಾಲ್ ಟೈಲರ್ ಹಲವು ಜಾತಿಗಳ ಹೆಣ್ಣುಗಳನ್ನು ಕೊಯ್ದು ನೋಡಿದಾಗ ಗುಟ್ಟು ಬಯಲಾಯಿತು. ಅಂಡನಾಳದ ಒಳತುದಿಯಲ್ಲಿ ವೀರ್ಯ ಕೂಡಿಡುವ ಉಗ್ರಾಣವಿತ್ತು. ಅಂಡಾಣು ಹೊರಗೆ ಬರುವ ದಾರಿಯಲ್ಲೇ ವೀರ್ಯಾಣು ಅದನ್ನು ಹೊಗುತ್ತದೆ. ಕೋಶ ಒಡೆದು ಭ್ರೂಣವಾಗುವುದು ಮಾತ್ರ ನೀರಿಗೆ ಬಿದ್ದ ಮೇಲೆ. ಅಂದರೆ ಹೆಣ್ಣು ನೀರಿಗೆ ಬಿಡುತ್ತಿದ್ದದ್ದು ಬರಿಯ ಅಂಡಾಣುಗಳನ್ನಲ್ಲ, ಗರ್ಭಗಟ್ಟಿದ ಮೊಟ್ಟೆಗಳನ್ನು.

ಈ ಶೋಧದ ತೂಕವನ್ನು ನಾವು ಸರಿಯಾಗಿ ಅಳೆದಿಲ್ಲವೆಂದು ನನಗನ್ನಿಸುತ್ತದೆ. ಬಿಸಿಬುಗ್ಗೆಯ ನೀರು ಸದಾ ಕುದಿದು ಸುಳಿದು ಮೇಲೇಳುತ್ತಿರುತ್ತದೆ. ಅಲ್ಲಿ ಚೆಲ್ಲಿದ ಬೀಜ ಕ್ಷಣಮಾತ್ರದಲ್ಲಿ ಚದುರಿಹೋಗುತ್ತದೆ. ಅಂಥ ಜಾಗದಲ್ಲಿ ಹುಳು ತನ್ನ ಸಂಸಾರವನ್ನು ಗಾಳಿಗೆ ತೂರಿಲ್ಲ. ಒಮ್ಮೆ ಸಿಕ್ಕ ವೀರ್ಯವನ್ನು ಕಾಪಿಟ್ಟು, ಬೇಕಾದಾಗ ಬಳಸಿ, ಫಲ ಕಟ್ಟಿದ್ದನ್ನಷ್ಟೇ ಕಳಿಸಿಕೊಡುತ್ತದೆ. ನಾವು ದುಂದು ಎಂದುಕೊಂಡದ್ದು ಕಟ್ಟುನಿಟ್ಟಿನ ಜಿಪುಣತನ.

ಎಲ್ಲ ಹುಳುವಿಗೂ ಈ ಭಾಗ್ಯವಿಲ್ಲ. ಆ ರಿಜಿಯಾದಲ್ಲೇ ಎರಡು ಬಗೆ: ಬಿಸಿನೀರು ಧಾರಾಳವಾಗಿ ಹರಿಯುವಲ್ಲಿ ಗಿಡ್ಡ, ದಪ್ಪ, ಸಣ್ಣಗೆ ಒಸರುವಲ್ಲಿ ಉದ್ದ, ತೆಳು. ಜಾತಿ ಒಂದೇ, ನೆಲೆ ಬೇರೆ. ವೆರೆನಾ ಟನಿಕ್ಲಿಫ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದಂತೆ ಸಂತಾನದ ಭಾರವನ್ನೆಲ್ಲ ಹೆಚ್ಚಾಗಿ ಹೊರುವುದು ಆ ಮೊದಲ ಬಗೆ. ಬಡ ನೆಲೆಯ ಹುಳುಗಳು ಸಾವಿರಗಟ್ಟಲೆ ಇದ್ದರೂ ಅವುಗಳಲ್ಲಿ ಮರಿ ಹಾಕುವಷ್ಟು ಕಸುವುಳ್ಳವು ಕಡಿಮೆ. ಕಡಲತಳದಲ್ಲಿ ಹುಳುಗಳ ಕಾಡನ್ನು ಕಂಡು, ಇಷ್ಟೊಂದು ಇವೆಯಲ್ಲ, ಕೆಲವು ಹೋದರೇನು ಎನ್ನುವವರು ಈ ಮಾತನ್ನು ನೆನಪಿಡಬೇಕು. ವಂಶದ ತಾಯಿಬೇರು ಇರುವುದು ಕೆಲವೇ ಬಿಸಿ ಬಾಯಿಗಳ ಸುತ್ತ. ಕಡಲತಳದಲ್ಲಿ ಅದಿರು ಅಗೆಯಬೇಕೆನ್ನುವವರ ಕಣ್ಣೂ ಇಂಥ ಬಾಯಿಗಳ ಮೇಲಿದೆ.

*

ಹೊರಟ ಮರಿಯ ಗತಿಯೇನು? ರಿಫ್ಟಿಯಾದ ಮೊಟ್ಟೆ ಒಂದು ಮಿಲಿಮೀಟರಿನ ಹತ್ತನೇ ಒಂದರಷ್ಟು. ಅದರಲ್ಲಿ ಕೊಬ್ಬು ತುಂಬಿದ ಭಂಡಾರವಿದೆ. ಆಗುವ ಮರಿ ಬುಗುರಿಯಾಕಾರದ್ದು, ನಡುವಿಗೆ ಸೂಕ್ಷ್ಮ ರೋಮಗಳ ಪಟ್ಟಿ ಕಟ್ಟಿಕೊಂಡು ತಿರುಗುತ್ತ ಈಜುತ್ತದೆ. ಅದಕ್ಕೂ ಉಣ್ಣುವ ಬಾಯಿಲ್ಲ. ತಾಯಿ ಕಟ್ಟಿಕೊಟ್ಟ ಬುತ್ತಿಯೇ ದಾರಿಯ ಅನ್ನ. ಬುತ್ತಿ ಮುಗಿಯುವುದರೊಳಗೆ ಊರು ಸಿಗಬೇಕು.

ಬುತ್ತಿ ಎಷ್ಟು ದಿನಕ್ಕಾದೀತು? ಆಡಮ್ ಮಾರ್ಶ್, ಲಾರೆನ್ ಮುಲಿನೊ, ಕ್ರೇಗ್ ಯಂಗ್, ಡೊನಾಲ್ ಮನಹಾನ್ ಇದಕ್ಕೆ ಉತ್ತರ ಹುಡುಕಲು ಭ್ರೂಣಗಳನ್ನು ಪ್ರಯೋಗಾಲಯದಲ್ಲಿ ಸಾಕಿದರು. ಎರಡು ಡಿಗ್ರಿಯ ನೀರು, 250 ವಾತಾವರಣಗಳ ಒತ್ತಡ ತುಂಬಿದ ಉಕ್ಕಿನ ಪಾತ್ರೆ ಅದಕ್ಕೆ ಬೇಕಾಯಿತು. ಮರಿ ಉಸಿರಾಡುವ ಪ್ರಮಾಣವನ್ನೂ ಮೊಟ್ಟೆಯಲ್ಲಿನ ಕೊಬ್ಬನ್ನೂ ಅಳೆದು ಭಾಗಿಸಿದಾಗ ಬಂದ ಸರಾಸರಿ ಆಯಸ್ಸು 38 ದಿನ. ಆಮೇಲೆ ಕಡಲತಳದ ಪ್ರವಾಹಗಳ ಲೆಕ್ಕ ಹಾಕಿದರು. ಪರ್ವತಶ್ರೇಣಿಯುದ್ದಕ್ಕೂ ನೀರು ಒಂದಿಷ್ಟು ದಿನ ಉತ್ತರಕ್ಕೆ, ಮತ್ತೊಂದಿಷ್ಟು ದಿನ ದಕ್ಷಿಣಕ್ಕೆ ಹರಿಯುತ್ತದೆ. ಮರಿಯೂ ಅತ್ತಿತ್ತ ತೂಗಾಡಿ, ಬಹಳ ಸಲ ಹೊರಟಲ್ಲಿಗೇ ಹತ್ತಿರ ಬರುತ್ತದೆ. 2001ರಲ್ಲಿ ‘ನೇಚರ್’ನಲ್ಲಿ ಬಂದ ಅವರ ತೀರ್ಮಾನ: ಪಯಣ 100 ಕಿಲೋಮೀಟರ್ ದಾಟುವುದು ಅಪರೂಪ.

ಈ 38 ದಿನದ ಲೆಕ್ಕ ಇಡೀ ಕ್ಷೇತ್ರದ ಆಧಾರಸ್ತಂಭವಾಗಿ ಉಳಿದಿದೆ. ಉತ್ತರ ಕರ್ನಾಟಕದ ಬರದ ವರ್ಷದಲ್ಲಿ ಗುಳೆ ಹೊರಟ ಕುಟುಂಬ ಗಂಟಿನಲ್ಲಿರುವ ರೊಟ್ಟಿ ಎಣಿಸುತ್ತ ದಾರಿ ನಡೆಯುವುದನ್ನು ಕಂಡವರಿಗೆ ಈ ಲೆಕ್ಕದ ಬಿಗುಪು ಬೇಗ ಅರ್ಥವಾಗುತ್ತದೆ. ಎರಡು ಡಿಗ್ರಿಯ ಚಳಿ ಇಲ್ಲಿ ಮರಿಯ ಮಿತ್ರ. ಚಳಿಯಲ್ಲಿ ಮೈ ನಿಧಾನ, ಉಸಿರು ನಿಧಾನ, ಬುತ್ತಿ ಕರಗುವುದೂ ನಿಧಾನ.

ಚಳಿಯನ್ನು ಇದಕ್ಕಿಂತ ಚೆನ್ನಾಗಿ ದುಡಿಸಿಕೊಳ್ಳುವ ಹುಳು ಇನ್ನೊಂದಿದೆ. 1980ರಲ್ಲಿ ಫ್ರಾನ್ಸಿನ ದಾನಿಯೆಲ್ ದೆಬ್ರುಯೆರ್ ಮತ್ತು ಲೂಸಿಯೆನ್ ಲೋಬಿಯೆ ವಿವರಿಸಿದ ಪಾಂಪೇ ಹುಳು. ಆಲ್ವಿನ್ ಹೆಸರನ್ನೂ, ಬೂದಿ ಮಳೆಯಲ್ಲಿ ಹೂತುಹೋದ ಪಾಂಪೇ ನಗರದ ಹೆಸರನ್ನೂ ಸೇರಿಸಿ ಇದಕ್ಕೆ ‘ಆಲ್ವಿನೆಲ್ಲಾ ಪಾಂಪೆಯಾನಾ’ ಎಂದು ನಾಮಕರಣ. ಬೆರಳುದ್ದದ ಈ ಹುಳು ಕಪ್ಪು ಚಿಮಣಿಯ ಗೋಡೆಗೇ ಕೊಳವೆ ಅಂಟಿಸಿ ಬಾಳುತ್ತದೆ. 1998ರಲ್ಲಿ ಕ್ರೇಗ್ ಕ್ಯಾರಿ ತಂಡ ಕೊಳವೆಯೊಳಗೆ ಶಾಖಮಾಪಕ ತೂರಿಸಿ ನೋಡಿತು. ಬಾಲದ ಕಡೆ 81 ಡಿಗ್ರಿ, ತಲೆಯ ಕಡೆ 22 ಡಿಗ್ರಿ. ಜಗತ್ತಿನ ಅತಿ ಶಾಖಸಹಿಷ್ಣು ಪ್ರಾಣಿ ಎಂಬ ಬಿರುದು ಸಿಕ್ಕಿತು. ಆದರೆ 2013ರಲ್ಲಿ ಜೂಲಿಯೆಟ್ ರಾವೋ ಮತ್ತು ಸಂಗಡಿಗರು, ಆಳದ ಒತ್ತಡ ಕಾಯ್ದುಕೊಂಡೇ ಹುಳುಗಳನ್ನು ಮೇಲೆ ತಂದು ಬಿಸಿ ಮಾಡಿ ಪರೀಕ್ಷಿಸಿದಾಗ, ಅವು 50ರಿಂದ 55 ಡಿಗ್ರಿಯಲ್ಲೇ ಸತ್ತವು. ಬಿರುದು ಸ್ವಲ್ಪ ಮಾಸಿತು. 55 ಎಂದರೂ ಸಣ್ಣ ಮಾತಲ್ಲ, ಆ ಮಾತು ಬೇರೆ.

ಬಿಸಿಯ ಹೆಸರಾಂತ ಈ ತಂದೆತಾಯಿಗೆ ಹುಟ್ಟುವ ಮಗು ಎಂಥದ್ದು ಗೊತ್ತೆ? ಫ್ಲಾರೆನ್ಸ್ ಪ್ರಾದಿಯೋ ಮತ್ತು ಜೊತೆಗಾರರು 2001ರಲ್ಲಿ, ಮತ್ತೆ 2005ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದವು. ಭ್ರೂಣಗಳನ್ನು ಬೇರೆ ಬೇರೆ ಶಾಖದಲ್ಲಿ ಇಟ್ಟು ನೋಡಿದರು. 20 ಡಿಗ್ರಿಯಲ್ಲಿ ಅವು ಸತ್ತವು. ನಮ್ಮ ಮನೆಯ ನಲ್ಲಿಯ ನೀರೂ ಅವಕ್ಕೆ ಕುದಿನೀರು! 10ರಿಂದ 14 ಡಿಗ್ರಿಯಲ್ಲಿ ಲವಲವಿಕೆಯಿಂದ ಬೆಳೆದವು. ಎರಡು ಡಿಗ್ರಿಯಲ್ಲಿ ಬೆಳೆಯಲೂ ಇಲ್ಲ, ಸಾಯಲೂ ಇಲ್ಲ. ಬೆಳವಣಿಗೆ ನಿಲ್ಲಿಸಿ ತಟಸ್ಥವಾಗಿ ಕುಳಿತವು. ಆಮೇಲೆ ಬೆಚ್ಚಗಿನ ನೀರಿಗೆ ಬದಲಿಸಿದಾಗ ನಿಲ್ಲಿಸಿದಲ್ಲಿಂದ ಮುಂದುವರಿದವು. ಮೇಲ್ಮೈಯ ಸಾಮಾನ್ಯ ಒತ್ತಡದಲ್ಲಿ ಮಾತ್ರ ಅವಕ್ಕೆ ಉಳಿಗಾಲವಿರಲಿಲ್ಲ. ಭ್ರೂಣಗಳನ್ನು ಪೆಟ್ಟಿಗೆಯಲ್ಲಿಟ್ಟು ದೊಡ್ಡ ಹುಳುಗಳ ಕೇರಿಯಲ್ಲೇ ಬಿಟ್ಟು ಬಂದಾಗಲೂ ಅಲ್ಲಿನ ಬಿಸಿಗೆ ಅವು ಉಳಿಯಲಿಲ್ಲ.

ಹುಟ್ಟಿದ ಮನೆಯಲ್ಲಿ ಬೆಳೆಯಲಾರದ ಕೂಸು ಇದು. ಚಳಿಯಲ್ಲಿ ಬಿದ್ದರೆ ಬುತ್ತಿ ಬಿಚ್ಚದೆ ನಿದ್ದೆ ಹೋಗಿ, ಪ್ರವಾಹ ಒಯ್ದತ್ತ ಹೋಗುತ್ತದೆ. ಬೆಚ್ಚನೆಯ ಇನ್ನೊಂದು ಬುಗ್ಗೆಯ ಅಂಚು ತಾಗಿದರೆ ಎಚ್ಚರಾಗುತ್ತದೆ. ಶಾಖವೇ ಅದಕ್ಕೆ ಊರು ಬಂತೆಂಬ ಸೂಚನೆ. ಇದರ ಮೊಟ್ಟೆ ರಿಫ್ಟಿಯಾದ್ದಕ್ಕಿಂತ ದೊಡ್ಡದು, ಸುಮಾರು ಇಮ್ಮಡಿ ಅಗಲ. ಇಲ್ಲಿಯೂ ಹೆಣ್ಣಿನ ಮೈಯಲ್ಲಿ ವೀರ್ಯದ ಚೀಲಗಳಿವೆ, ಗಂಡಿನ ತಲೆಯ ಬಳಿ ಒಂದು ಜೊತೆ ವಿಶೇಷ ಎಳೆಗಳಿವೆ. ದೂರದ ಸಂಬಂಧಿಗಳಾದ ಎರಡು ಹುಳುಗಳು ಬೇರೆ ಬೇರೆ ಹಾದಿಯಲ್ಲಿ ಬಂದು ಒಂದೇ ಉಪಾಯಕ್ಕೆ ತಲುಪಿವೆ.

*

ರಿಫ್ಟಿಯಾ ಮರಿ ಊರು ತಲುಪಿತು ಎನ್ನೋಣ. ಆಗ ಎರಡನೆಯ ಪರೀಕ್ಷೆ. ತಾಯಿ ಬುತ್ತಿ ಕೊಟ್ಟಿದ್ದಾಳೆ ಹೊರತು ಬ್ಯಾಕ್ಟೀರಿಯಾ ಕೊಟ್ಟಿಲ್ಲ. ಅಡುಗೆಯವರಿಲ್ಲದೆ ಈ ಮನೆ ನಡೆಯದು. ಪ್ರತಿ ತಲೆಮಾರೂ ಹೊಸದಾಗಿ, ಸುತ್ತಲಿನ ನೀರು ಕಲ್ಲುಗಳಿಂದಲೇ, ಆ ಒಂದೇ ಜಾತಿಯ ಬ್ಯಾಕ್ಟೀರಿಯಾವನ್ನು ಹುಡುಕಿ ಪಡೆಯಬೇಕು.

ಇದು ಹೇಗೆ ಆಗುತ್ತದೆಂಬ ಬಗ್ಗೆಯೂ ಮೊದಲ ಊಹೆ ತಪ್ಪಿತ್ತು. ಜೋನ್ಸ್ ಮತ್ತು ಸ್ಟೀಫನ್ ಗಾರ್ಡಿನರ್ 1980ರ ದಶಕದ ಕೊನೆಯಲ್ಲಿ, ನೆಲೆಯೂರಿದ ಎಳೆಯ ಹುಳುವಿಗೆ ಕೆಲಕಾಲ ಬಾಯಿ, ಕರುಳು ಇರುತ್ತವೆ ಎಂದು ಕಂಡುಕೊಂಡರು. ಹಾಗಿದ್ದರೆ ಬ್ಯಾಕ್ಟೀರಿಯಾವನ್ನು ಅದು ನುಂಗುತ್ತದೆ, ಕರುಳೇ ಮುಂದೆ ಬ್ಯಾಕ್ಟೀರಿಯಾಗಳ ಮನೆಯಾಗುತ್ತದೆ ಎಂಬ ಊಹೆ ಎರಡು ದಶಕ ಪಠ್ಯಪುಸ್ತಕಗಳಲ್ಲಿ ನಿಂತಿತು. ಆಂಡ್ರಿಯಾ ನುಸ್ಬೌಮರ್, ಚಾರ್ಲ್ಸ್ ಫಿಶರ್, ಮೋನಿಕಾ ಬ್ರೈಟ್ ಕಡಲತಳದಲ್ಲಿ ಹುಳುಗಳು ನೆಲೆಯೂರಲು ಕೃತಕ ಆಸರೆಗಳನ್ನಿಟ್ಟು, ಕಣ್ಣಿಗೆ ಕಾಣದಷ್ಟು ಎಳೆಯ ಮರಿಗಳನ್ನು ಹಿಡಿದು ಸೀಳಿ ನೋಡಿದರು. 2006ರಲ್ಲಿ ಅವರು ಹೇಳಿದ್ದು ಬೇರೆಯೇ: ಬ್ಯಾಕ್ಟೀರಿಯಾ ಬರುವುದು ಬಾಯಿಂದಲ್ಲ, ಚರ್ಮವನ್ನು ಕೊರೆದು. ಸೋಂಕು ತಗಲುವಂತೆ ಬಂದು, ಒಳಗಿನ ಅಂಗಾಂಶ ಸೇರಿ, ಅಲ್ಲಿಯೇ ಅಡುಗೆಮನೆ ಕಟ್ಟಿಸುತ್ತದೆ. ಬೇಕಾದಷ್ಟು ಬಂದ ಮೇಲೆ ಹುಳುವಿನ ಚರ್ಮದ ಕೋಶಗಳು ಸಾಮೂಹಿಕವಾಗಿ ಸತ್ತು ಬಾಗಿಲು ಮುಚ್ಚಿಬಿಡುತ್ತವೆ. ಆಮೇಲೆ ಬಾಯಿಯೂ ಕರುಳೂ ಅಳಿಸಿಹೋಗುತ್ತವೆ. ಹುಳು ಜೀವನಪೂರ್ತಿ ಆ ಒಂದು ಸೋಂಕಿನ ಋಣದಲ್ಲಿ.

ಈ ಬ್ಯಾಕ್ಟೀರಿಯಾಕ್ಕೆ ‘ಎಂಡೋರಿಫ್ಟಿಯಾ ಪರ್ಸಿಫೊನಿ’ ಎಂದು ಹೆಸರು. ಗ್ರೀಕರ ಪುರಾಣದಲ್ಲಿ ಪರ್ಸಿಫೊನಿ ವರ್ಷದ ಒಂದು ಭಾಗ ಪಾತಾಳದಲ್ಲಿ, ಇನ್ನೊಂದು ಭಾಗ ಮೇಲಿನ ಲೋಕದಲ್ಲಿ ಕಳೆಯುವ ದೇವತೆ. ಹೆಸರಿಟ್ಟವರು ದೂರದೃಷ್ಟಿಯವರಿರಬೇಕು. ಒಳಹೊಕ್ಕ ಬ್ಯಾಕ್ಟೀರಿಯಾ ಹುಳುವಿನೊಂದಿಗೇ ಸತ್ತರೆ ಅದಕ್ಕೇನು ಲಾಭ ಎಂಬ ಪ್ರಶ್ನೆಗೆ ಯೂಲಿಯಾ ಕ್ಲೋಸೆ ತಂಡ 2015ರಲ್ಲಿ ಉತ್ತರ ಕೊಟ್ಟಿತು. ಹುಳು ಸತ್ತ ಮೇಲೆ ಒಳಗಿದ್ದವು ಜೀವಂತವಾಗಿ ಹೊರಬಂದು ಕಡಲ ನೀರಿನ ತಮ್ಮ ಬಳಗವನ್ನು ಸೇರುತ್ತವೆ. ಬುಗ್ಗೆ ಬತ್ತಿ ಹುಳುಗಳ ಕಾಡು ಸತ್ತಾಗ ಅದು ಬರಿಯ ಸ್ಮಶಾನವಾಗುವುದಿಲ್ಲ. ಮುಂದಿನ ಊರಿನ ಮರಿಗಳಿಗೆ ಹೆಪ್ಪು ಅಲ್ಲಿಂದಲೇ ಹೋಗುತ್ತದೆ. ಹಾಲು ತೀರಿದರೂ ಹೆಪ್ಪು ಉಳಿಸುವುದು ನಮ್ಮ ಹಳ್ಳಿಯ ಅಡುಗೆಮನೆಯ ಹಳೆಯ ಜಾಣ್ಮೆ.

*

ನೂರು ಕಿಲೋಮೀಟರಿನ ಲೆಕ್ಕಕ್ಕೆ ಮರಳೋಣ, ಏಕೆಂದರೆ ಅದೂ ಅಲುಗಾಡಿದೆ. 1991ರಲ್ಲಿ ಸುಟ್ಟುಹೋದ ಆ ಜಾಗವೇ 2006ರ ಆರಂಭದಲ್ಲಿ ಮತ್ತೆ ಉಕ್ಕಿತು. ಈ ಸಲ ಲಾರೆನ್ ಮುಲಿನೊ ತಂಡ ಮರಿಗಳನ್ನು ಹಿಡಿಯುವ ಬಲೆಗಳನ್ನು ಮೊದಲೇ ಇಟ್ಟುಕೊಂಡಿತ್ತು. ಉಕ್ಕುವ ಮೊದಲಿನ ಮತ್ತು ನಂತರದ ಮರಿಗಳನ್ನು ಹೋಲಿಸಿದಾಗ, ಹಿಂದೆ ಅಲ್ಲಿ ಕಂಡಿರದ ‘ಕ್ಟೆನೊಪೆಲ್ಟಾ’ ಎಂಬ ಸಣ್ಣ ಶಂಖದ ಮರಿಗಳು ಬಂದಿದ್ದವು. ಅದರ ಗೊತ್ತಿರುವ ಅತಿ ಸಮೀಪದ ತವರು 300 ಕಿಲೋಮೀಟರಿಗೂ ಆಚೆ. ಅದು ಹುಳುವಲ್ಲ ನಿಜ. ಆದರೆ ದೂರದ ಪಯಣ ಸಾಧ್ಯ ಎಂಬುದಕ್ಕೆ ಪುರಾವೆ. ಖಾಲಿ ಊರಿಗೆ ಮೊದಲು ಬಂದವರು ಪಕ್ಕದ ಮನೆಯವರಾಗಬೇಕೆಂದಿಲ್ಲ.

ಹೇಗೆ ಬಂದವು? ಡಯೇನ್ ಆಡಮ್ಸ್ ಮತ್ತು ಸಂಗಡಿಗರು 2011ರಲ್ಲಿ ಕೊಟ್ಟ ಉತ್ತರ ಅನಿರೀಕ್ಷಿತ. ಚಳಿಗಾಲದಲ್ಲಿ ಮೆಕ್ಸಿಕೋದ ತೆವಾಂಟೆಪೆಕ್ ಕಣಿವೆಯ ಬಾಯಿಂದ ಬಿರುಗಾಳಿ ಪೆಸಿಫಿಕ್ ಮೇಲೆ ನುಗ್ಗುತ್ತದೆ. ಅದರಿಂದ ಮೇಲ್ಮೈಯಲ್ಲಿ ಹುಟ್ಟುವ ದೈತ್ಯ ಸುಳಿಗಳು ಪಶ್ಚಿಮಕ್ಕೆ ಸಾಗುತ್ತ ಎರಡೂವರೆ ಕಿಲೋಮೀಟರ್ ಕೆಳಗಿನ ನೀರನ್ನೂ ಕಲಕಿ, ಬಿಸಿಬುಗ್ಗೆಯ ಮರಿಗಳನ್ನು ಗುಂಪಾಗಿ ಹೊತ್ತೊಯ್ಯುತ್ತವೆ. ಸೂರ್ಯನೇ ಕಾಣದ ಲೋಕದ ಮಕ್ಕಳ ಪ್ರಯಾಣ ಮೆಕ್ಸಿಕೋದ ಹವಾಮಾನಕ್ಕೆ ಕಟ್ಟುಬಿದ್ದಿದೆ.

ವಂಶವಾಹಿಗಳ ಅಧ್ಯಯನ ಇನ್ನೊಂದು ಮಾತು ಸೇರಿಸುತ್ತದೆ. ರಿಫ್ಟಿಯಾಗಳು ಸಾಲುಬೆಟ್ಟದ ಉದ್ದಕ್ಕೂ, ಹೊಳೆ ದಾಟುವ ಮೆಟ್ಟುಗಲ್ಲುಗಳಂತೆ, ಬುಗ್ಗೆಯಿಂದ ಬುಗ್ಗೆಗೆ ಹರಡಿವೆ. ಅವುಗಳಲ್ಲಿ ವೈವಿಧ್ಯ ಕಡಿಮೆ, ಏಕೆಂದರೆ ಊರುಗಳು ಮತ್ತೆ ಮತ್ತೆ ಅಳಿದು, ಕೆಲವೇ ವಲಸಿಗರಿಂದ ಮತ್ತೆ ತುಂಬಿವೆ.

ತೀರ ಇತ್ತೀಚಿನ ಮಾತು ಇನ್ನೂ ಸ್ವಾರಸ್ಯದ್ದು. 2023ರಲ್ಲಿ ಮೋನಿಕಾ ಬ್ರೈಟ್, ಸಬೀನೆ ಗೋಲ್ನರ್ ಮತ್ತು ಜೊತೆಗಾರರು ‘ಫಾಲ್ಕೋರ್ (ಟೂ)’ ಹಡಗಿನಿಂದ ದೂರನಿಯಂತ್ರಿತ ಯಂತ್ರವೊಂದನ್ನು 1991ರಲ್ಲಿ ಲಾವಾ ಉಕ್ಕಿದ ಅದೇ ಜಾಗಕ್ಕೆ ಇಳಿಸಿ, ಅದರ ತೋಳಿನಿಂದ ಲಾವಾದ ಚಪ್ಪಡಿಗಳನ್ನು ಎತ್ತಿ ಮಗುಚಿದರು. ಮರಿಗಳು ನೆಲದಡಿಯ ಬಿಸಿನೀರಿನ ಸಂದಿಗಳ ಮೂಲಕವೂ ಓಡಾಡುತ್ತಿರಬಹುದೇ ಎಂಬುದು ಅವರ ಸಂಶಯ. ಚಪ್ಪಡಿಯ ಕೆಳಗೆ ಗೇಣಿಗಿಂತ ಕಡಿಮೆ ಎತ್ತರದ ಪೊಟರೆಗಳಲ್ಲಿ ಬೆಚ್ಚನೆಯ ನೀರು, ಅದರಲ್ಲಿ ಬಲಿತ ರಿಫ್ಟಿಯಾಗಳೇ ಇದ್ದವು, 41 ಸೆಂಟಿಮೀಟರ್ ಉದ್ದದವರೆಗೂ. 2024ರ ಅಕ್ಟೋಬರ್‌ನಲ್ಲಿ ಇದು ಪ್ರಕಟವಾಯಿತು. ನಲವತ್ತೇಳು ವರ್ಷ ನಾವು ನೋಡುತ್ತಿದ್ದದ್ದು ಊರಿನ ಮಹಡಿಯನ್ನು ಮಾತ್ರ, ಕೆಳಮನೆಯಲ್ಲೂ ಸಂಸಾರಗಳಿದ್ದವು.

ದಾಯಾದಿಗಳ ವಿಚಾರ ಬಿಟ್ಟರೆ ಕೊರತೆಯಾದೀತು. ಸತ್ತ ತಿಮಿಂಗಿಲದ ಮೂಳೆ ತಿನ್ನುವ ಓಸಿಡ್ಯಾಕ್ಸ್ ಇದೇ ಕುಟುಂಬದ್ದು. ಕ್ಯಾಲಿಫೋರ್ನಿಯಾದ ಮೊಂಟೆರೆ ಕಂದಕದಲ್ಲಿ 2,891 ಮೀಟರ್ ಆಳದಲ್ಲಿ ಸಿಕ್ಕ ಅದನ್ನು 2004ರಲ್ಲಿ ವಿವರಿಸಿದರು. ಕಣ್ಣಿಗೆ ಕಾಣುವುದೆಲ್ಲ ಹೆಣ್ಣು. ಗಂಡುಗಳು ಮರಿಯ ಗಾತ್ರದಲ್ಲೇ ನಿಂತುಹೋಗಿ ಹೆಣ್ಣಿನ ಕೊಳವೆಯೊಳಗೆ ಹತ್ತಾರು, ಒಮ್ಮೊಮ್ಮೆ ನೂರಕ್ಕೂ ಹೆಚ್ಚು, ವಾಸವಾಗಿರುತ್ತವೆ. ಕೂಡಲು ಸಂಗಾತಿ ಸಿಗುವುದೋ ಇಲ್ಲವೋ ಎಂಬ ಚಿಂತೆಗೆ ಇದು ಅದರ ಪರಿಹಾರ. ಮೆಕ್ಸಿಕೋ ಕೊಲ್ಲಿಯ ತಣ್ಣನೆಯ ಒಸರುಗಳಲ್ಲಿರುವ ಲ್ಯಾಮೆಲಿಬ್ರಾಕಿಯಾ 170 ವರ್ಷಕ್ಕೂ ಮೀರಿ ಬಾಳುತ್ತದೆ. ಅಲ್ಲಿ ಒಸರು ಬತ್ತುವ ಅವಸರವಿಲ್ಲ, ಹುಳುವಿಗೂ ಅವಸರವಿಲ್ಲ.

*

ಇದು ಬಹುಮಟ್ಟಿಗೆ ಪೆಸಿಫಿಕ್ ಕಥೆ. ರಿಫ್ಟಿಯಾ ನಮ್ಮ ಹಿಂದೂ ಮಹಾಸಾಗರದಲ್ಲಿಲ್ಲ. ಇಲ್ಲಿನ ಬಿಸಿಬುಗ್ಗೆಗಳನ್ನು ಆಳುವುದು ಸೀಗಡಿಗಳು, ಕಬ್ಬಿಣದ ಹುರುಪೆ ಹೊದ್ದ ಬಸವನಹುಳು, ಕಪ್ಪೆಚಿಪ್ಪುಗಳು. ಹುಳುಗಳೂ ಇವೆ. ನೈಋತ್ಯ ಭಾಗದ ಲಾಂಗ್‌ಚಿ ಬುಗ್ಗೆಯ ಕಪ್ಪೆಚಿಪ್ಪಿನೊಳಗೆ ಬಾಡಿಗೆಗಿರುವ ಹುರುಪೆಹುಳುವೊಂದನ್ನು ಚೀನಾದ ವಿಜ್ಞಾನಿಗಳು 2017ರಲ್ಲಿ ಹೊಸ ಜಾತಿಯೆಂದು ವಿವರಿಸಿದರು. ಆ ಬಸವನಹುಳುವಂತೂ 2019ರಲ್ಲಿ, ಆಳಸಮುದ್ರದ ಗಣಿಗಾರಿಕೆಯ ಭೀತಿಯಿಂದಾಗಿ ಅಳಿವಿನ ಅಪಾಯದಲ್ಲಿರುವ ಜೀವಿಗಳ ಕೆಂಪುಪಟ್ಟಿ ಸೇರಿದ ಮೊದಲ ಜೀವಿಯಾಯಿತು.

ಭಾರತ 2016ರ ಸೆಪ್ಟೆಂಬರ್‌ನಲ್ಲಿ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದೊಂದಿಗೆ, ಇದೇ ಮಹಾಸಾಗರದ ಸಾಲುಬೆಟ್ಟಗಳಲ್ಲಿ 10,000 ಚದರ ಕಿಲೋಮೀಟರ್‌ನಲ್ಲಿ ಸಲ್ಫೈಡ್ ಅದಿರು ಹುಡುಕುವ 15 ವರ್ಷದ ಒಪ್ಪಂದಕ್ಕೆ ಸಹಿ ಹಾಕಿದೆ. 2024ರ ಡಿಸೆಂಬರ್‌ನಲ್ಲಿ ನಮ್ಮ ವಿಜ್ಞಾನಿಗಳು ಸುಮಾರು 4,500 ಮೀಟರ್ ಆಳದ ಜೀವಂತ ಬುಗ್ಗೆಯೊಂದರ ಚಿತ್ರ ತೆಗೆದದ್ದು ಸುದ್ದಿಯಾಯಿತು. ಸಲ್ಫೈಡ್ ಅದಿರೆಂದರೆ ಬೇರೇನಲ್ಲ, ಈ ಚಿಮಣಿಗಳೇ. ಇದು ಅನ್ವೇಷಣೆಯ ಒಪ್ಪಂದ, ಅಗೆಯುವ ಪರವಾನಗಿಯಲ್ಲ ಎಂಬುದು ಸರಿ. ಆದರೆ ಅಗೆಯುವ ಮಾತು ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ತಾಮ್ರ, ಎಷ್ಟು ಚಿನ್ನ ಎಂಬುದಲ್ಲ. ಈ ಬುಗ್ಗೆಯ ಮರಿಗಳು ಎಲ್ಲಿಂದ ಬರುತ್ತವೆ, ಎಲ್ಲಿಗೆ ಹೋಗುತ್ತವೆ, ಎಷ್ಟು ದಿನದ ಬುತ್ತಿ ಇದೆ ಎಂಬುದು. ಪೂರ್ವ ಪೆಸಿಫಿಕ್‌ನಲ್ಲಿ ಇದಕ್ಕೆ ಉತ್ತರ ಸಿಕ್ಕಿದ್ದು ಒಂದೇ ಜಾಗಕ್ಕೆ ಮೂರು ದಶಕ ಮತ್ತೆ ಮತ್ತೆ ಹೋಗಿ, ಬಲೆ ಇಟ್ಟು, ಮರಿ ಎಣಿಸಿ. ಲಾವಾ ಸುಟ್ಟ ಊರನ್ನು ಹುಳುಗಳು ಎರಡೂವರೆ ವರ್ಷದಲ್ಲಿ ತುಂಬಿದವು ಎಂದು ಯಂತ್ರ ಕೆಡವಿದ ಊರೂ ಹಾಗೇ ತುಂಬೀತು ಎನ್ನುವವರಿದ್ದಾರೆ. ಪೆಸಿಫಿಕ್‌ನಲ್ಲಿ ಬುಗ್ಗೆಗಳು ಒತ್ತೊತ್ತಾಗಿವೆ, ಬಿಸಿ ಬಾಯಿಗಳು ಉಳಿದಿದ್ದವು, ಮರಿ ಕಳಿಸುವ ತವರುಗಳು ಅಕ್ಕಪಕ್ಕದಲ್ಲಿದ್ದವು. ನಿಧಾನವಾಗಿ ಬಿರಿಯುವ ನಮ್ಮ ಕಡಲ ಸಾಲುಬೆಟ್ಟಗಳಲ್ಲಿ ಬುಗ್ಗೆಗಳು ವಿರಳ, ಒಂದಕ್ಕೊಂದು ಬಹುದೂರ. ಈ ಹೋಲಿಕೆ ನಿಲ್ಲುವುದಿಲ್ಲ.

ಕಾರವಾರದ ಕೋಡಿಬಾಗದ ಸಾಗರ ಜೀವವಿಜ್ಞಾನ ವಿಭಾಗದಲ್ಲೋ, ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲೋ ಓದುತ್ತಿರುವ ಹುಡುಗ ಹುಡುಗಿಯರು ಇದನ್ನು ಓದುತ್ತಿದ್ದರೆ ಒಂದು ಮಾತು: ಕಡಲಾಳಕ್ಕೆ ಇಳಿಯಲು ಮೂರೇ ಜನ ಸಾಕು. ಬಲೆಯಲ್ಲಿ ಸಿಕ್ಕ ಕೂದಲೆಳೆಯಷ್ಟು ಅಗಲದ ಮರಿಗಳನ್ನು ಸೂಕ್ಷ್ಮದರ್ಶಕದಡಿ ಒಂದೊಂದಾಗಿ ಬೇರ್ಪಡಿಸಿ, ಯಾವುದು ಯಾರದು ಎಂದು ಗುರುತಿಸಬಲ್ಲ ತಾಳ್ಮೆಯ ಕಣ್ಣುಗಳು ಮಾತ್ರ ನೂರಾರು ಬೇಕು. ಆ ವಿದ್ಯೆ ಈಗಲೇ ಕಲಿಯಲು ತೊಡಗಿ.